ಹದಿನಾರು ಮಂದಿಯ ಮೌನ

ನಮ್ಮ ಕಡೆಯವರಿಗೆ ಹಿಮವೆಂದರೆ ಕಬ್ಬಿನ ಹಾಲಿನ ಅಂಗಡಿಯ ಮಂಜುಗಡ್ಡೆ. ಪುಸ್ತಕದ ಜನರಿಗಾದರೆ ಕಾಳಿದಾಸನ ಹಿಮಾಲಯ. ಬೆಟ್ಟದ ಹಿಮ ಈ ಎರಡರಂತೆಯೂ ಅಲ್ಲ. ಅದು ಒಂದೊಂದು ಬಿರುಗಾಳಿಗೆ ಒಂದೊಂದು ಪದರವಾಗಿ ಕೂಡುತ್ತದೆ. ನಡುವೆ ಎಲ್ಲೋ ಒಂದು ಪದರ ಸಕ್ಕರೆ ಹರಳಿನಂತೆ ಬಿಡಿಬಿಡಿಯಾಗಿ ಉಳಿದಿರುತ್ತದೆ. ಅದರ ಮೇಲೆ ಹೊಸ ಹಿಮ ಹಲಗೆಯಂತೆ ಬಿಗಿದು ಕೂತರೆ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ತೂಕ ಸಾಕು, ಹಲಗೆ ಬಿರಿದು ಜಾರುತ್ತದೆ. ವಿಹಾರಕ್ಕೆಂದು ಹೋಗಿ ಹಿಮಪಾತದಲ್ಲಿ ಸತ್ತವರಲ್ಲಿ ಬಹುಪಾಲು ಮಂದಿಯ ಮೇಲೆ ಆ ಹಿಮವನ್ನು ಕೆಡವಿದವರು ಅವರೇ, ಇಲ್ಲವೆ ಅವರ ಜೊತೆಯವರೇ. ದೈವವನ್ನು ದೂರುವುದಕ್ಕೂ ಅವಕಾಶ ಕಡಮೆ.

2012ರ ಫೆಬ್ರವರಿ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸಿನ ಬಳಿ, ಟನಲ್ ಕ್ರೀಕ್ ಎಂಬಲ್ಲಿಗೆ 16 ಮಂದಿ ಹಿಮದ ಮೇಲೆ ಜಾರಿ ಇಳಿಯಹೊರಟರು. ಅದು ಆಟದ ಮೈದಾನದ ಎಲ್ಲೆಯಾಚೆಯ, ಕಾವಲಿಲ್ಲದ ಇಳಿಜಾರು. ಹೊಸ ಹಿಮ ಧಾರಾಳವಾಗಿ ಬಿದ್ದಿತ್ತು; ಅಪಾಯದ ಮುನ್ಸೂಚನೆಯೂ ಬಂದಿತ್ತು. ಹೋದವರೇನು ಎಳಸರಲ್ಲ, ಹಿಮವನ್ನೇ ಬದುಕಾಗಿಸಿಕೊಂಡವರು ಅವರಲ್ಲಿ ಹಲವರಿದ್ದರು. ಹಿಮ ಕುಸಿಯಿತು, 3 ಮಂದಿ ಸತ್ತರು. ಗುಂಪು ದೊಡ್ಡದಾಯಿತೆಂದು ತಮಗೆ ಒಳಗೊಳಗೇ ಅಳುಕಿತ್ತೆಂದೂ, ಆದರೆ ಬಾಯಿ ಬಿಡಲಿಲ್ಲವೆಂದೂ ಉಳಿದವರಲ್ಲಿ ಕೆಲವರು ಆಮೇಲೆ ಹೇಳಿದರು.

ತಪ್ಪು ಯಾರದು? ಕರೆದವನದೆ, ಇಳಿದವನದೆ, ಸುಮ್ಮನಿದ್ದವನದೆ? ಇಷ್ಟು ಅನುಭವಿಗಳಿರುವಾಗ ನಾನೇನು ಹೇಳುವುದು ಎಂದು ಅಳುಕನ್ನು ನುಂಗುವುದು ಎಷ್ಟು ಸುಲಭ! ಇದನ್ನೇ ನಾವು ಮಕ್ಕಳಿಗೆ ವಿನಯವೆಂದು ಕಲಿಸುತ್ತೇವೆ. ಅಧ್ಯಾಪಕರ ಸಭೆಗಳಲ್ಲಿ ನಾನೂ ಎಷ್ಟೋ ಸಲ ಹೀಗೆ ವಿನಯವಂತನಾಗಿ ಕುಳಿತಿದ್ದೇನೆ. ಅಲ್ಲಿ ಕುಸಿಯುವುದು ಹಿಮವಲ್ಲವಾದ್ದರಿಂದ ಬದುಕಿದ್ದೇನೆ.

ಹಿಮದಡಿ ಹೂತವನನ್ನು ಕಾಲು ಗಂಟೆಯೊಳಗೆ ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಉಳಿಯುವವರು ಕಡಮೆ. ಹೊರಗಿನ ನೆರವು ಬರುವಷ್ಟರಲ್ಲಿ ಆ ಹೊತ್ತು ಬಹುಮಟ್ಟಿಗೆ ಕಳೆದಿರುತ್ತದೆ. ಆದ್ದರಿಂದಲೇ ಪ್ರತಿಯೊಬ್ಬನೂ ಸಲಿಕೆ, ಚುಚ್ಚಿ ಹುಡುಕುವ ಉದ್ದ ಕೋಲು, ಸಂಕೇತ ಸೂಸುವ ಯಂತ್ರಗಳನ್ನು ಒಯ್ಯುತ್ತಾನೆ. ಬೆನ್ನಿನ ಸಲಿಕೆ ತನ್ನ ಪ್ರಾಣಕ್ಕಲ್ಲ, ಜೊತೆಯವನ ಪ್ರಾಣಕ್ಕೆ. ಹಾಗಾದರೆ ಮನಸ್ಸಿನ ಅಳುಕೂ ಜೊತೆಯವನ ಪಾಲಿನದೇ ಅಲ್ಲವೆ? ಅದನ್ನು ಬಚ್ಚಿಟ್ಟುಕೊಳ್ಳುವ ಹಕ್ಕು ನನಗೆಲ್ಲಿಂದ ಬಂತು?

ಯಾರೊಬ್ಬರು ಬೇಡವೆಂದರೂ ಎಲ್ಲರೂ ಹಿಂದಿರುಗಬೇಕೆಂಬ ಕಟ್ಟಳೆಯನ್ನು ಕೆಲವು ತಂಡಗಳು ಇಟ್ಟುಕೊಂಡಿವೆ. ಒಬ್ಬ ಹೇಡಿಯಿಂದ ಎಲ್ಲರ ದಿನ ಹಾಳಾಗದೆ ಎಂದು ಕೇಳಬಹುದು. ಆಗುತ್ತದೆ. ಹಿಂದಿರುಗಿದವರಿಗೆ, ಹೋಗಿದ್ದರೆ ಏನಾಗುತ್ತಿತ್ತೆಂಬುದು ಎಂದಿಗೂ ತಿಳಿಯುವುದಿಲ್ಲ. ಬೇಡವೆಂದವನು ತಪ್ಪೋ ಸರಿಯೋ ಗೊತ್ತಾಗದೆ, ಜೊತೆಯವರ ಗೊಣಗಾಟವನ್ನು ಕೇಳುತ್ತ ಬೆಟ್ಟ ಇಳಿಯುತ್ತಾನೆ.