ಇಂದಿನ ಚಿಂತನೆ: ತೊಳೆದ ಪೀಠ

 

ನಮ್ಮ ಪಡುಬಿದ್ರಿ ಕಡೆಯ ಯಕ್ಷಗಾನಗಳಲ್ಲಿ ಕರ್ಣನಿಗೆ ನಾನೂ ಮರುಗಿದ್ದೇನೆ. ಶಸ್ತ್ರಪರೀಕ್ಷೆಯಲ್ಲಿ ಅವನ ಕುಲ ಕೇಳಿದರು. ದುರ್ಯೋಧನ ಅಂಗರಾಜ್ಯ ಕೊಟ್ಟ. ಕರ್ಣನ ಸ್ಥಾನ ಬದಲಾಯಿತು, ಕುಲ ಕೇಳುವ ರೂಢಿ ಉಳಿಯಿತು.

ಧಮ್ಮಪದದ ಅಟ್ಠಕಥೆಯಲ್ಲಿ ವಿಡೂಡಭನಿದ್ದಾನೆ, ಕೋಸಲದ ರಾಜ ಪಸೇನದಿಯ ಮಗ. ಅವನ ತಾಯಿ, ಶಾಕ್ಯ ಮಹಾನಾಮನಿಗೆ ದಾಸಿಯಲ್ಲಿ ಹುಟ್ಟಿದವಳು. ಅವನು ಕೂತೆದ್ದ ಪೀಠವನ್ನು ಶಾಕ್ಯರು ಹಾಲುನೀರಿನಲ್ಲಿ ತೊಳೆಸಿದರು. ಮುಂದೆ ಅವನು ಶಾಕ್ಯರ ಹಸುಗೂಸುಗಳನ್ನೂ ಬಿಡದೆ ಕೊಂದ. ಅವನೂ ನೋಡಿದ್ದು ಹುಟ್ಟನ್ನೇ.

1927ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ನಮ್ಮವರು ಕುಡಿದಾಗ, ಅದನ್ನೂ ಸಗಣಿ, ಗಂಜಲ ಹಾಕಿ ‘ಶುದ್ಧಿ’ ಮಾಡಿದರು. ಬಾಬಾಸಾಹೇಬರು ಕತ್ತಿ ಹಿಡಿಯಲಿಲ್ಲ. ಅದೇ ಡಿಸೆಂಬರಿನಲ್ಲಿ, ಹುಟ್ಟಿನಿಂದ ಮನುಷ್ಯರನ್ನು ಅಳೆಯುವ ಮನುಸ್ಮೃತಿಯನ್ನೇ ಸುಟ್ಟರು.

ಬಂಧುಗಳೇ, ಮದುವೆ ಮಾತುಕತೆಯಲ್ಲಿ ನಾವೂ ‘ಯಾವ ಪಂಗಡ?’ ಎಂದು ಕೇಳಿದರೆ, ಪೀಠ ತೊಳೆಸಿದವರ ಸಾಲಿಗೇ ಸೇರುತ್ತೇವೆ.

ಭವತು ಸಬ್ಬ ಮಂಗಲಂ.