ಹೂಂಗುಟ್ಟುವ ತಂತಿ

ಲ್ಯಾಪ್‌ಟಾಪಿನ ಎಡಮಗ್ಗುಲಲ್ಲಿ ಎರಡು ಚೌಕ ತೂತುಗಳಿವೆ. ದೊಡ್ಡದು ನೆಟ್‌ವರ್ಕ್ ಕೇಬಲ್ಲಿನದು, ಅದರ ಪಕ್ಕದ ಸಣ್ಣದು ಟೆಲಿಫೋನ್ ತಂತಿಯದು. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಯಂತ್ರವನ್ನು ಮೊನ್ನೆ ಕೆಳಗಿಳಿಸಿ ನೋಡಿದರೆ, ಆ ಸಣ್ಣ ತೂತಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ, ಮರಿ ಮಾಡಿ, ಹಾರಿಹೋಗಿತ್ತು. ತೆಂಗಿನ ಕಡ್ಡಿಯಿಂದ ಮಣ್ಣನ್ನು ಮೆಲ್ಲಗೆ ಕೆರೆದೆ. ಒಳಗೆ ಚಿನ್ನದ ಬಣ್ಣದ ಎರಡು ಎಳೆ ಮಿನುಗಿದವು, ಕಿಲುಬು ಹಿಡಿದಿರಲಿಲ್ಲ. ಅವನ್ನು ಕಂಡ ಮೇಲೆ ಈ ಮೋಡೆಮ್ ಇನ್ನೊಂದು ಸಲ ಮಾತಾಡಬೇಕು ಅನ್ನಿಸಿಬಿಟ್ಟಿತು.

2006ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದ ಯಂತ್ರ ಇದು. ಆಗ ನಾನು ತೀರ್ಥಹಳ್ಳಿ ಸೀಮೆಯಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. 2005ರ ಜನವರಿಯಲ್ಲೇ ಪೇಟೆಗಳಿಗೆ ಬ್ರಾಡ್‌ಬ್ಯಾಂಡ್ ಬರತೊಡಗಿತ್ತಾದರೂ ನಮ್ಮ ಹಳ್ಳಿಯ ಪಾಲಿಗೆ ಅದು ದೂರದ ಮಾತು. ಸಂಜೆ ಐದರ ಹೊತ್ತಿಗೆ ಸುದ್ದಿಯನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ, ಫೋನಿನ ತಂತಿ ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚಿ, 172233ಕ್ಕೆ ಡಯಲ್ ಮಾಡುವುದು. ಆ ಆರು ಅಂಕಿ ಈಗಲೂ ನನ್ನ ಬೆರಳಿಗೆ ಬಾಯಿಪಾಠ. ಆಷಾಢದಲ್ಲಿ ಕಂಬದ ಜಾಯಿಂಟಿಗೆ ನೀರಿಳಿದು ತಂತಿ ಕರಕರ ಎನ್ನುತ್ತಿತ್ತು. ಮೋಡೆಮ್ ಆಗ ವೇಗ ಇಳಿಸಿಕೊಳ್ಳುತ್ತಿತ್ತು, ಮತ್ತೆ ಇಳಿಸಿಕೊಳ್ಳುತ್ತಿತ್ತು, ಆದರೂ ಕೈಬಿಡುತ್ತಿರಲಿಲ್ಲ. ಮಳೆಯಲ್ಲಿ ನೆನೆದ ಕಿಲೋಮೀಟರುಗಟ್ಟಲೆ ತಾಮ್ರದ ಆಚೆ ಯಾವುದೋ ಯಂತ್ರ ನನ್ನ ಯಂತ್ರದ ಮಾತಿಗೆ ಕಿವಿಗೊಟ್ಟು ಕೂತಿದೆ ಎಂಬುದೇ ನನಗೆ ದಿನವೂ ಒಂದು ಸೋಜಿಗ.

ಹಳೆಯ ಹಾರ್ಡ್‌ಡಿಸ್ಕ್ ಸತ್ತಿತ್ತು, ಅದರ ಜೊತೆ ವಿಂಡೋಸ್ ಕೂಡ ಹೋಗಿತ್ತು. ಬೇರೆ ಡಿಸ್ಕ್ ಹಾಕಿ ಲಿನಕ್ಸ್ ಇನ್‌ಸ್ಟಾಲ್ ಮಾಡಲು ಕೂತೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್‌ನ ಹಳೆಯ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ, ಹಾಗಾಗಿ ಹಿಂದಿನ ಆವೃತ್ತಿಗೆ ಹೋದೆ. ಪರದೆ ಬೆಳಗಿತು, ಧ್ವನಿ ಬಂತು, ವೈಫೈ ಕೂಡ ಸಿಕ್ಕಿತು. ಮೋಡೆಮ್ ಒಂದು ಮಾತ್ರ ಮೂಕ.

ಕಾರಣ ಏನೆಂದರೆ ಲ್ಯಾಪ್‌ಟಾಪಿನೊಳಗೆ ಇರುವುದು ಅರ್ಧ ಮೋಡೆಮ್. ಹಿಂದೆ ಮೇಜಿನ ಮೇಲಿಡುತ್ತಿದ್ದ ಪೆಟ್ಟಿಗೆ ಮೋಡೆಮ್‌ಗಳು ಸ್ವತಂತ್ರ ಜೀವಿಗಳಾಗಿದ್ದವು. ಅಂಕಿಗಳನ್ನು ಸ್ವರವಾಗಿಸುವ, ಸ್ವರವನ್ನು ಅಂಕಿಯಾಗಿಸುವ ಲೆಕ್ಕವೆಲ್ಲ ಅವುಗಳ ಒಳಗಿನ ಚಿಪ್‌ನಲ್ಲೇ ನಡೆಯುತ್ತಿತ್ತು. 1981ರಲ್ಲಿ ಅಮೆರಿಕದ ಹೇಯ್ಸ್ ಸ್ಮಾರ್ಟ್‌ಮೋಡೆಮ್ ತಂದ ‘ಎಟಿ’ ಆಜ್ಞೆಗಳನ್ನು ಕೊಟ್ಟರೆ ಸಾಕು, ಅವು ಯಾವ ಕಂಪ್ಯೂಟರಿನ ಮಾತನ್ನೂ ಕೇಳುತ್ತಿದ್ದವು. 1990ರ ದಶಕದ ಕೊನೆಯ ಹೊತ್ತಿಗೆ ಖರ್ಚು ಉಳಿಸಲೆಂದು ಆ ಚಿಪ್ ತೆಗೆದು, ಲೆಕ್ಕದ ಹೊಣೆಯನ್ನು ಕಂಪ್ಯೂಟರಿನ ಪ್ರೊಸೆಸರಿಗೆ ಹೊರಿಸಿದರು. ಲೆಕ್ಕ ಮಾಡುವ ಡ್ರೈವರನ್ನು ವಿಂಡೋಸ್‌ಗೆ ಮಾತ್ರ ಬರೆದರು. ವಿನ್‌ಮೋಡೆಮ್ ಎಂಬ ಹೆಸರು ಬಿದ್ದದ್ದು ಹಾಗೆ. ಲೋಹ, ಸಿಲಿಕಾನ್, ತಂತಿ ಎಲ್ಲ ಕೊಂಡವನ ಕೈಯಲ್ಲಿ. ಅದು ಮಾತಾಡುವ ವಿದ್ಯೆ ಮಾತ್ರ ಮಾಡಿದವನ ತಿಜೋರಿಯಲ್ಲಿ. ತಯಾರಕ ಅಂಗಡಿ ಮುಚ್ಚಿದರೆ ವಿದ್ಯೆಯೂ ಮುಚ್ಚಿಹೋಗುತ್ತದೆ. ಚಿಪ್ ಕೆಟ್ಟಿರುವುದಿಲ್ಲ, ಆದರೂ ಅದು ಕಸವಾಗುತ್ತದೆ. ಇದು ಆಗಲೂ ನನಗೆ ಅನ್ಯಾಯವಾಗಿ ಕಂಡಿತ್ತು, ಈಗಲೂ ಹಾಗೇ ಕಾಣುತ್ತದೆ.

ಆ ಅನ್ಯಾಯವನ್ನು ಸುಮ್ಮನೆ ನುಂಗಿಕೊಳ್ಳದ ಜನ ಇದ್ದರು. ವಿನ್‌ಮೋಡೆಮ್‌ಗೆ ಎದುರಾಗಿ ಲಿನ್‌ಮೋಡೆಮ್ ಎಂಬ ಮಾತನ್ನು ಹುಟ್ಟಿಸಿದರು. ಯಾವ ಲ್ಯಾಪ್‌ಟಾಪಿನಲ್ಲಿ ಯಾವ ಚಿಪ್ ಇದೆ, ಅದಕ್ಕೆ ಏನು ಮಾಡಿದರೆ ಉಸಿರು ಬರುತ್ತದೆ ಎಂದು ಒಂದೊಂದಾಗಿ ಪಟ್ಟಿ ಮಾಡಿದರು. ಮೋಡೆಮ್ ಗುರುತಿಸಲೆಂದೇ ಸ್ಕ್ಯಾನ್‌ಮೋಡೆಮ್ ಎಂಬ ಪುಟ್ಟ ಸ್ಕ್ರಿಪ್ಟ್ ಬರೆದು ಹಂಚಿದರು. ಮುಂದೆ ಎಫ್‌ಎಫ್‌ಎಂಪೆಗ್ ಮತ್ತು ಕ್ಯೂಇಎಂಯು ತಂತ್ರಾಂಶಗಳಿಂದ ಹೆಸರಾದ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್, ಇಡೀ ಮೋಡೆಮನ್ನೇ ತೆರೆದ ಸಾಫ್ಟ್‌ವೇರ್ ಆಗಿ ಬರೆಯುವ ಪ್ರಯೋಗಕ್ಕೆ ಕೈಹಾಕಿದ್ದರು. ಕಂಪನಿಗಳಲ್ಲೂ ಕೆಲವು ಅರ್ಧ ಬಾಗಿಲು ತೆರೆದವು. ಥಿಂಕ್‌ಪ್ಯಾಡ್ 600ರ ಎಂವೇವ್ ಮೋಡೆಮ್‌ಗೆ ಐಬಿಎಂನವರೇ ಲಿನಕ್ಸ್ ಡ್ರೈವರ್ ಬರೆದುಕೊಟ್ಟರು. ಕೊನೆಕ್ಸೆಂಟ್ ಚಿಪ್‌ಗಳಿಗೂ ಡ್ರೈವರ್ ಬಂತು, ಆದರೆ ಹಣ ಕೊಡದವರಿಗೆ 14.4 ಕಿಲೋಬಿಟ್‌ಗಿಂತ ಹೆಚ್ಚಿನ ವೇಗ ಇಲ್ಲ.

ನನ್ನ ಯಂತ್ರದಲ್ಲಿರುವುದು ಇಂಟೆಲ್‌ನ ಎಸಿ-97 ಬಗೆ. ಇದಕ್ಕೆ ಇಸ್ರೇಲಿನ ಸ್ಮಾರ್ಟ್‌ಲಿಂಕ್ ಕಂಪನಿಯ ‘ಎಸ್‌ಎಲ್‌ಮೋಡೆಮ್‌ಡಿ’ ಎಂಬ ತಂತ್ರಾಂಶ ಆಗಿಬರುತ್ತದೆ. ಅದರ ಹೊರಗಿನ ಸಿಪ್ಪೆ ತೆರೆದ ಸೋರ್ಸ್ ಕೋಡ್, ಲೆಕ್ಕ ಮಾಡುವ ತಿರುಳು ಮಾತ್ರ ಮುಚ್ಚಿದ ಬೈನರಿ ಫೈಲ್. ಆ ಫೈಲ್ ಇರುವುದು 32 ಬಿಟ್‌ನಲ್ಲಿ ಮಾತ್ರ. ಹಾಗಾಗಿ ಹೊಸ ಲೋಕಕ್ಕೆ ಬೇಡವಾದ ನನ್ನ ಮುದಿ ಯಂತ್ರವೇ ಅದಕ್ಕೆ ಸರಿಯಾದ ಮನೆ. ಲಿನಕ್ಸ್ ಮೋಡೆಮನ್ನು ಒಂದು ಸೌಂಡ್ ಕಾರ್ಡ್ ಎಂದೇ ಕಾಣುತ್ತದೆ. ಸೆಕೆಂಡಿಗೆ 9600 ಸಲ ತಂತಿಯ ಸದ್ದನ್ನು ಅಳೆದು ಪ್ರೊಸೆಸರಿಗೆ ಒಪ್ಪಿಸುತ್ತದೆ. ಮಿಕ್ಕದ್ದೆಲ್ಲ ಲೆಕ್ಕ.

ಆದರೆ ಫೋನ್ ಮಾಡುವುದಾದರೂ ಎಲ್ಲಿಗೆ? ನಮ್ಮ ಮನೆಯ ತಾಮ್ರದ ತಂತಿ ತೆಗೆದು ಫೈಬರ್ ಎಳೆದಾಗಿದೆ. ಇಂಟರ್‌ನೆಟ್ ಮೂಲಕ ಹೋಗುವ ಫೋನಿನಲ್ಲಿ ಮನುಷ್ಯರ ಮಾತು ನಡೆದೀತು, ಮೋಡೆಮ್‌ನದು ನಡೆಯುವುದು ಕಷ್ಟ. ನಡುವೆ ಒಂದು ಚೂರು ದನಿ ತಡವಾದರೂ ನಾವು ಊಹಿಸಿಕೊಂಡು ಮುಂದೆ ಹೋಗುತ್ತೇವೆ, ಮೋಡೆಮ್ ದಾರಿ ತಪ್ಪುತ್ತದೆ. ಕೊನೆಗೆ ಗೆಳೆಯನೊಬ್ಬನ ಲಾಡ್ಜಿನಲ್ಲಿ ಮೂಲೆಗೆ ಬಿದ್ದಿದ್ದ ಎಂಟು ಎಕ್ಸ್‌ಟೆನ್ಷನ್‌ಗಳ ಇಂಟರ್‌ಕಾಂ ಪೆಟ್ಟಿಗೆ ತಂದೆ. ಒಂದು ಎಕ್ಸ್‌ಟೆನ್ಷನ್‌ಗೆ ಲ್ಯಾಪ್‌ಟಾಪ್. 22 ನಂಬರಿನ ಎಕ್ಸ್‌ಟೆನ್ಷನ್‌ಗೆ ಒಂದು ಹಳೆಯ ಪೆಟ್ಟಿಗೆ ಮೋಡೆಮ್, ಅದರ ಬೆನ್ನಿಗೆ ಇನ್ನೊಂದು ಕಂಪ್ಯೂಟರ್. ಊಟದ ಮೇಜಿನ ಮೇಲೆ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ತಯಾರಾಯಿತು.

ಎರಡು ರಾತ್ರಿ ಒಂದೇ ಉತ್ತರ: ‘ನೋ ಡಯಲ್‌ಟೋನ್’. ಮೊದಲು ಟೋನ್‌ನ ಮೇಲೆ ಸಂಶಯ ಬಂತು. ಭಾರತದ ಡಯಲ್‌ಟೋನ್ 400 ಹರ್ಟ್ಸ್‌ನ ಸ್ವರ, ಅದರ ಮೇಲೆ 25 ಹರ್ಟ್ಸ್‌ನ ನಡುಕ. ನಮ್ಮ ಕಿವಿಗೆ ಅದು ಗುರ್ರ್ ಎಂದು ಕೇಳಿಸುವುದು ಆ ನಡುಕದಿಂದ. ಅಮೆರಿಕದ್ದು 350 ಮತ್ತು 440 ಹರ್ಟ್ಸ್ ಸೇರಿದ ನುಣುಪು ದನಿ. ಅದನ್ನೇ ನಿರೀಕ್ಷಿಸುವ ಮೋಡೆಮ್ ನಮ್ಮ ಗುರ್ರನ್ನು ಟೋನ್ ಎಂದು ಒಪ್ಪದೆ ಸುಮ್ಮನಾಗುವುದುಂಟು. ಈ ಇಂಟರ್‌ಕಾಂ ಪೆಟ್ಟಿಗೆಯ ಟೋನ್ ಎರಡೂ ಅಲ್ಲದ ಮೂರನೆಯದು. ದೇಶ ‘ಇಂಡಿಯಾ’ ಎಂದು ಹೇಳಿದೆ. ‘ಎಟಿ ಎಕ್ಸ್3’ ಕೊಟ್ಟು, ಟೋನ್‌ಗೆ ಕಾಯದೆ ಡಯಲ್ ಮಾಡು ಎಂದೆ. ಈಗ ಉತ್ತರ ಬದಲಾಯಿತು: ‘ನೋ ಕ್ಯಾರಿಯರ್’. ಅಷ್ಟೇ. 22 ನಂಬರಿನ ಎಕ್ಸ್‌ಟೆನ್ಷನ್ ಗಂಟೆ ಬಾರಿಸಲೇ ಇಲ್ಲ.

ಮೂರನೆಯ ದಿನ ಬೆಳಗಿನ ಬೆಳಕಿನಲ್ಲಿ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿದೆ. ಮೋಡೆಮ್ ಎಂದರೆ ಬೆಂಕಿಪೊಟ್ಟಣದಷ್ಟೂ ಇಲ್ಲದ ಒಂದು ಹಸಿರು ಹಲಗೆ, ಎರಡು ಸ್ಕ್ರೂ. ಅದರಿಂದ ಎಡಮಗ್ಗುಲಿನ ತೂತಿಗೆ ಹೋಗುವ, ಸೂಜಿದಾರದಷ್ಟು ಸಪೂರದ ಜೋಡಿ ತಂತಿ. ಅದರ ಬಿಳಿ ಕೊಂಡಿ ತನ್ನ ಗೂಡಿನಿಂದ ಒಂದು ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಹಾರ್ಡ್‌ಡಿಸ್ಕ್ ಬದಲಿಸುವಾಗ ಜಗ್ಗಿರಬೇಕು. ಉಗುರಿನಿಂದ ಒತ್ತಿದೆ. ಟಿಕ್ ಎಂದು ಕೂತಿತು.

ಸ್ಕ್ರೂ ಬಿಗಿದು ಮತ್ತೆ ಡಯಲ್ ಮಾಡಿದೆ. ಮೇಜಿನ ಆ ತುದಿಯ ಪೆಟ್ಟಿಗೆ ಮೋಡೆಮ್‌ನ ಪುಟ್ಟ ಸ್ಪೀಕರಿನಿಂದ, ಇಷ್ಟು ವರ್ಷಗಳ ಮೇಲೆ, ಆ ಸದ್ದು ಬಂತು.

ಅದನ್ನು ಕರ್ಕಶ ಎನ್ನುವವರೇ ಹೆಚ್ಚು. ಒಳಗೆ ಏನು ನಡೆಯುತ್ತಿದೆ ಎಂದು ತಿಳಿದು ಕೇಳಿದರೆ ಹಾಗೆನ್ನಲು ಮನಸ್ಸಾಗದು. ಕರೆ ಎತ್ತಿಕೊಂಡ ಮೋಡೆಮ್ ಮೊದಲು 2100 ಹರ್ಟ್ಸ್‌ನ ಒಂದು ಉದ್ದನೆಯ ದನಿ ಎಳೆಯುತ್ತದೆ. ದಾರಿಯಲ್ಲಿರುವ ಪ್ರತಿಧ್ವನಿ ಅಡಗಿಸುವ ಯಂತ್ರಗಳೇ, ಸ್ವಲ್ಪ ಹೊತ್ತು ಸುಮ್ಮನಿರಿ ಎಂಬ ಕೋರಿಕೆ ಅದು. ಆಮೇಲೆ ಎರಡೂ ಕಡೆಯವರು ತಮಗೆ ಬರುವ ವಿದ್ಯೆಗಳನ್ನು ಹೇಳಿಕೊಳ್ಳುತ್ತಾರೆ. ನಂತರದ್ದು ನನಗೆ ಬಹಳ ಇಷ್ಟ. ವಿ.34 ಎಂಬ ಮಾನಕದ ಮೋಡೆಮ್‌ಗಳು 150ರಿಂದ 3750 ಹರ್ಟ್ಸ್‌ವರೆಗಿನ 21 ಸ್ವರಗಳನ್ನು ಒಟ್ಟಿಗೆ ತಂತಿಗೆ ಬಿಟ್ಟು, ಆಚೆ ದಡಕ್ಕೆ ಯಾವುದು ಎಷ್ಟು ತಲುಪಿತು ಎಂದು ಅಳೆಯುತ್ತವೆ. ತಂತಿ ಎಲ್ಲಿ ದನಿಯನ್ನು ತಿನ್ನುತ್ತದೆ, ಎಲ್ಲಿ ಗದ್ದಲ ಮಾಡುತ್ತದೆ ಎಂದು ತಿಳಿದುಕೊಂಡು, ಅದಕ್ಕೆ ತಕ್ಕಂತೆ ತಮ್ಮನ್ನು ತಿದ್ದಿಕೊಳ್ಳುತ್ತವೆ. ಕಛೇರಿಗೆ ಮೊದಲು ಶ್ರುತಿ ಕೂಡಿಸುವ ಹಾಗೆ. ತಂತಿ ಹೀಗಿರಬೇಕಿತ್ತು, ಹಾಗಿರಬೇಕಿತ್ತು ಎಂಬ ತಕರಾರು ಇಲ್ಲ. ಇರುವ ತಂತಿಯಲ್ಲಿ ಇಬ್ಬರಿಗೂ ತಿಳಿಯುವಷ್ಟು ವೇಗ ಯಾವುದೋ ಅದಕ್ಕೆ ಒಪ್ಪುತ್ತವೆ. ಆ ಮಳೆಗಾಲಗಳಲ್ಲಿ ನನ್ನ ಸುದ್ದಿ ಪತ್ರಿಕೆ ಮುಟ್ಟುತ್ತಿದ್ದದ್ದು ಈ ಗುಣದಿಂದ.

ಪರದೆಯ ಮೇಲೆ ಬಂತು: ‘ಕನೆಕ್ಟ್ 31200’. ಡಬ್ಬಿಯ ಮೇಲಿನ 56 ಸಾವಿರ ಇಲ್ಲಿ ಬರುವಂತಿಲ್ಲ. ಆ ವೇಗಕ್ಕೆ ಒಂದು ತುದಿ ನೇರವಾಗಿ ಡಿಜಿಟಲ್ ಎಕ್ಸ್‌ಚೇಂಜಿಗೆ ಸೇರಿರಬೇಕು. ಎರಡೂ ತುದಿಯಲ್ಲಿ ಸಾಮಾನ್ಯ ಫೋನ್ ತಂತಿ ಇದ್ದರೆ 33.6 ಕಿಲೋಬಿಟ್ ಗರಿಷ್ಠ. 31.2 ಅಂದರೆ ನನ್ನ ಮಟ್ಟಿಗೆ ಹಬ್ಬ. ಕೂಡಿಕೊಂಡ ಮೇಲೆ ಮೋಡೆಮ್‌ಗಳು ಕಳಿಸಿದ ತುಂಡು ತುಂಡಿಗೂ ‘ಮುಟ್ಟಿತು’ ಎಂಬ ಉತ್ತರ ಪಡೆಯುತ್ತ ಹೋಗುತ್ತವೆ, ಕೆಟ್ಟು ಬಂದ ತುಂಡನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತವೆ. ಅಜ್ಜಿ ಕತೆ ಹೇಳುವಾಗ ನಾವು ಹೂಂ, ಹೂಂ ಎನ್ನುತ್ತಿದ್ದೆವಲ್ಲ, ಅದೇ. ಹೂಂ ನಿಂತರೆ ಅಜ್ಜಿಯ ಕತೆಯೂ ನಿಲ್ಲುತ್ತಿತ್ತು.

ಹಳೆಯ ಸಿಡಿಯೊಂದರಲ್ಲಿ ಉಳಿದಿದ್ದ ಎರಡು ಫೈಲ್‌ಗಳನ್ನು ಆಚೆ ಕಂಪ್ಯೂಟರಿನಲ್ಲಿಟ್ಟು ಈಚೆ ಬ್ರೌಸರಿನಲ್ಲಿ ತೆರೆದೆ. ಒಂದು 84 ಕಿಲೋಬೈಟಿನ ಚಿತ್ರ. ಸೆಕೆಂಡಿಗೆ ಮೂರೂವರೆ ಕಿಲೋಬೈಟಿನ ಲೆಕ್ಕದಲ್ಲಿ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯಿತು. ಮೊದಲು ಬರೀ ಬೂದು ಆಕಾಶ. ಆಮೇಲೆ ಆಚೆ ದಡದ ಮರಗಳ ತುದಿ. ಆಮೇಲೆ ಕೆಂಪು ನೀರು. ಇನ್ನೂ ಕೆಂಪು ನೀರು. ತುಂಗೆಯ ನಡುವಿನ ರಾಮ ಮಂಟಪ ಇರಬೇಕಾದ ಕಡೆ ಒಂದು ಸುಳಿ ಮಾತ್ರ. ಮಂಟಪ ಮುಳುಗಿದ ಸುದ್ದಿಯ ಜೊತೆ ಕಳಿಸಿದ್ದ ಚಿತ್ರ ಅದು. ಇಪ್ಪತ್ತನಾಲ್ಕು ಸೆಕೆಂಡು ನಾನು ಬೇರೆ ಕಡೆ ನೋಡಲಿಲ್ಲ. ಈಗ ಕಣ್ಣು ಮಿಟುಕಿಸುವುದರೊಳಗೆ ಬರುವ ನೂರು ಚಿತ್ರಗಳಲ್ಲಿ ಒಂದನ್ನೂ ಹಾಗೆ ನೋಡಿದ ನೆನಪಿಲ್ಲ.

ಎರಡನೆಯ ಫೈಲ್ ಸುದ್ದಿ. ಕ್ಷಣದಲ್ಲಿ ಬಂತು, ಆದರೆ ಒಂದಕ್ಷರ ಓದಲು ಬರಲಿಲ್ಲ. ನುಡಿಯ ಹಳೆಯ ಅಕ್ಷರವ್ಯವಸ್ಥೆಯಲ್ಲಿ ಬರೆದದ್ದು, ತಲೆಬುಡವಿಲ್ಲದ ರೋಮನ್ ಚಿಹ್ನೆಗಳಾಗಿ ಕಂಡಿತು. ಅಕ್ಷರದ ತುಂಡೊಂದಕ್ಕೆ ಅಲ್ಲಿ ಒಂದೇ ಬೈಟ್. ಈಗಿನ ಯೂನಿಕೋಡ್ ಫೈಲ್‌ಗಳಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಸಾಮಾನ್ಯವಾಗಿ ಮೂರು. ಬೈಟ್‌ಗಳೆಲ್ಲ ಸುರಕ್ಷಿತ, ಓದುವ ವಿದ್ಯೆ ಮಾತ್ರ ಜೊತೆಯಲ್ಲಿ ಬಂದಿರಲಿಲ್ಲ. ಮೋಡೆಮ್‌ನ ಕತೆಯೇ ಮತ್ತೆ ಎದುರಿಗೆ ನಿಂತಂತಾಯಿತು. ಇಲ್ಲಿ ನನ್ನ ಪುಣ್ಯ, ಯಾವ ಚಿಹ್ನೆಗೆ ಯಾವ ಅಕ್ಷರ ಎಂದು ಪಟ್ಟಿ ಮಾಡಿ, ಯೂನಿಕೋಡ್‌ಗೆ ತಿರುಗಿಸುವ ಪ್ರೋಗ್ರಾಂ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ ಕನ್ನಡಿಗರಿದ್ದಾರೆ. ಅದರಲ್ಲಿ ಹಾಕಿದೆ. ‘ತುಂಗೆ’ ಎಂಬ ಪದ ಮೊದಲು ಮೂಡಿತು, ಅದರ ಹಿಂದೆ ಉಳಿದ ಸಾಲುಗಳು.

ಮಾತು ನಿಲ್ಲಿಸುವುದಕ್ಕೂ ಹೇಯ್ಸ್ ಒಂದು ಕ್ರಮ ಇಟ್ಟಿದೆ. ಒಂದು ಸೆಕೆಂಡು ಮೌನ, ಮೂರು ಪ್ಲಸ್ ಚಿಹ್ನೆ, ಮತ್ತೆ ಒಂದು ಸೆಕೆಂಡು ಮೌನ. ಆಮೇಲೆ ‘ಎಟಿ ಎಚ್’. ಇಂಟರ್‌ಕಾಂ ಪೆಟ್ಟಿಗೆಯೊಳಗೆ ರಿಲೇ ಟಕ್ ಎಂದಿತು.

ಎಕ್ಸರ್‌ಸೈಜ್ ಪುಸ್ತಕದಿಂದ ಒಂದು ಹಾಳೆ ಹರಿದು ಕನ್ನಡದಲ್ಲಿ ಬರೆದೆ: ಚಿಪ್ ಯಾವುದು, ಯಾವ ಡೆಬಿಯನ್, ದೇಶ ಇಂಡಿಯಾ, ಎಕ್ಸ್3, ಡಯಲ್ ಮಾಡಿಸುವ ಡಬ್ಲ್ಯುವಿಡಯಲ್ ಪ್ರೋಗ್ರಾಂನಲ್ಲಿ ‘ಕ್ಯಾರಿಯರ್ ಚೆಕ್’ ಬೇಡ, ಬಿಳಿ ಕೊಂಡಿ ಒತ್ತಿ ನೋಡಿ. ಡ್ರೈವರ್ ಮತ್ತು ಅಕ್ಷರ ತಿರುಗಿಸುವ ಪ್ರೋಗ್ರಾಂ ಎರಡನ್ನೂ ಒಂದು ಸಿಡಿಗೆ ಹಾಕಿದೆ. ಬ್ಯಾಟರಿ ಸತ್ತು ತೆಗೆದುಹಾಕಿದ್ದ ಖಾಲಿ ಜಾಗದಲ್ಲಿ ಹಾಳೆಯನ್ನು ನಾಲ್ಕಾಗಿ ಮಡಿಚಿಟ್ಟೆ, ಸಿಡಿಯನ್ನು ಲ್ಯಾಪ್‌ಟಾಪಿನ ಚೀಲಕ್ಕೆ. ಸಣ್ಣ ತೂತಿಗೆ ಒಂದು ಚೂರು ಟೇಪ್ ಅಂಟಿಸಿದೆ, ಕುಂಬಾರ ಹುಳ ಬೇರೆ ಮನೆ ನೋಡಿಕೊಳ್ಳಲಿ ಎಂದು.