ವೇಗದ ತುಲನೆಯೂ ವಿವೇಕದ ತಕ್ಕಡಿಯೂ

ಕೊಳ್ಳುವ ಮುನ್ನ ಪರೀಕ್ಷಿಸಿ ನೋಡುವುದು ವಿವೇಕಿಯ ಲಕ್ಷಣ. ಆದರೆ ಹಿಡಿದ ತಕ್ಕಡಿಯೇ ಸರಿಯಿಲ್ಲದಿದ್ದರೆ ತೂಕ ಸರಿಯಾದೀತೇ?

ಜಪಾನಿನ ಎರಡು ಸ್ಪೋರ್ಟ್ಸ್ ಕಾರುಗಳನ್ನು ನೋಡೋಣ. 1989ರಲ್ಲಿ ಮೊದಲು ಹೊರಬಂದ ಮಾಜ್ದಾ ಎಂಎಕ್ಸ್-5 ಇಬ್ಬರಿಗಷ್ಟೇ ಆಸನವುಳ್ಳ ತೆರೆದ ವಾಹನ. 2015ರ ಆವೃತ್ತಿಯ ತೂಕ ಸುಮಾರು 1,000 ಕಿಲೋ. 2021ರಲ್ಲಿ ಬಂದ ಟೊಯೋಟಾ ಜಿಆರ್86ರ ಎಂಜಿನ್ 2.4 ಲೀಟರ್, ಶಕ್ತಿ ಅಧಿಕ, ತೂಕವೂ ಅಧಿಕ. ಪರೀಕ್ಷಾ ಚಾಲನೆಗೆ ಕುಳಿತವನು ತಿರುವಿನ ಹಿಡಿತ, ಗೇರಿನ ನಯ, ವೇಗವೇರುವ ಪರಿ ಎಲ್ಲವನ್ನೂ ಹೋಲಿಸಿ, ಕ್ಷಣಾರ್ಧದ ಅಂತರಕ್ಕಾಗಿ ಒಂದನ್ನು ಮೇಲೆನ್ನುತ್ತಾನೆ. ಎರಡೂ ಗಂಟೆಗೆ 200 ಕಿ.ಮೀ. ಮೀರಬಲ್ಲವು. ಅಲ್ಲಿನ ವೇಗಮಾರ್ಗಗಳ ಮಿತಿಯೋ ಹೆಚ್ಚಾಗಿ 100, ಕೆಲವೆಡೆ 120!

ಬಳಸಲಾಗದ ವೇಗಕ್ಕೆ ತೆರುವ ಬೆಲೆ ಅಗತ್ಯದ ಬೆಲೆಯಲ್ಲ, ಸ್ಪರ್ಧೆಯ ಬೆಲೆ. ಬಳಸಿದರಂತೂ, ವೇಗ ಇಮ್ಮಡಿಯಾದಾಗ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ. ಆ ದೂರದಲ್ಲಿ ಯಾವ ಜೀವವಾದರೂ ಇರಬಹುದು.

ಆದ್ದರಿಂದ ಮೊದಲು ಪರೀಕ್ಷೆಗೊಳಗಾಗಬೇಕಾದವನು ಚಾಲಕನೇ. ಮತ್ತೊಂದು ವಾಹನ ಮುಂದೆ ಸಾಗಿದಾಗ ನನ್ನ ಕಾಲು ಸಂಯಮದಿಂದಿರಬಲ್ಲದೇ? ಹೌದೆನ್ನಬಲ್ಲವನಿಗೆ ಎರಡರಲ್ಲಿ ಯಾವುದಾದರೂ ತಕ್ಕುದೇ. ಎನ್ನಲಾರದವನಿಗೆ ಎರಡೂ ಹೆಚ್ಚೇ.